ಹಳೇ ತೊಟ್ಟಿಯ ನೀರು

ಕೆಂಪರಾಜು ತನ್ನ ತಂಗಿ ಸಾಕಿದ್ದ ಸೀಗಡಿಗಳ ಗಾಜಿನ ತೊಟ್ಟಿಗೆ ಗುಲಾಬಿ ಗಿಡಕ್ಕೆ ಹೊಡೆಯುವ ಔಷಧಿ ಸುರಿದ. ಒಂದು ಮುಚ್ಚಳ ಸಾಕಾಯಿತು.

ಚಂದ್ರಲೇಖಾ ಶಿಫ್ಟ್ ಮುಗಿಸಿ ಹೊಸೂರಿನಿಂದ ಬರುವಷ್ಟರಲ್ಲಿ ಸೀಗಡಿಗಳೆಲ್ಲ ಮಗುಚಿ ಬಿದ್ದು ಬಿಳಿಚಿಕೊಂಡಿದ್ದವು. ಹೊಟ್ಟೆಯಡಿ ಮೊಟ್ಟೆ ಹೊತ್ತಿದ್ದ ಒಂದು ಮಾತ್ರ ಪಾಚಿಯ ಮೇಲೆ ಇನ್ನೂ ಕಾಲು ಅದುರಿಸುತ್ತಿತ್ತು. ಅವಳು ನೋಡುತ್ತಿದ್ದ ಹಾಗೇ ಅದೂ ನಿಂತಿತು.

"ನಮ್ಮನೇಲಿ ಅವ್ರ ನೀರು ಇರಂಗಿಲ್ಲ," ಅಂದ ಅಣ್ಣ, ಸೋಪು ಹಚ್ಚಿ ಕೈ ತೊಳೆಯುತ್ತ.

ಆ ನೀರು ಮನೆಗೆ ಬಂದದ್ದು ಹೀಗೆ.

ಕೆಲಮಂಗಲದ ಬಸ್ ಸ್ಟ್ಯಾಂಡ್ ಹಿಂದೆ ಚಿರಂಜೀವಿಯ ಅಕ್ವೇರಿಯಂ ಅಂಗಡಿ. ಕಳೆದ ವರ್ಷ ಅವನಿಂದ ಮೊದಲ ಸಲ ಸೀಗಡಿ ಒಯ್ದ ಚಂದ್ರಲೇಖಾ, ಅದೇ ವಾರ ಫ್ಯಾಕ್ಟರಿ ಯೂನಿಫಾರಂನಲ್ಲೇ ಅಂಗಡಿಗೆ ನುಗ್ಗಿ ಟಿಫನ್ ಡಬ್ಬಿಯ ಮುಚ್ಚಳವನ್ನು ಕೌಂಟರಿನ ಮೇಲೆ ಕುಕ್ಕಿದಳು.

"ನೋಡಿ ಇಲ್ಲಿ, ಸತ್ತೋಗವೆ! ಸಾಯೋ ಮಾಲು ಮಾರ್ತೀರಾ?"

ಅವನು ಬಗ್ಗಿದ. ಮುಚ್ಚಳದಲ್ಲಿದ್ದ ಗಾಜಿನಂಥ ಚೂರುಗಳನ್ನು ನೋಡಿದ. ಸಿಟ್ಟಿಗೆ ಕೆಂಪಾಗಿದ್ದ ಅವಳ ಮೂಗಿನ ತುದಿಯನ್ನು ನೋಡಿದ. ತುಟಿ ಕಚ್ಚಿಕೊಂಡ.

"ಸತ್ತಿಲ್ಲ ಮೇಡಂ, ಬೆಳೆದವೆ. ಹಳೇ ಚಿಪ್ಪು ಬಿಚ್ಚಾಕವೆ. ಹೊಸದು ಗಟ್ಟಿಯಾಗೋಗಂಟ ಎಲೆ ಸಂದೀಲಿ ಬಚ್ಚಿಟ್ಕೊಂಡಿರ್ತಾವೆ."

"ಯಾಕೆ ಬಚ್ಚಿಟ್ಕೋಬೇಕು?"

"ಬಟ್ಟೆ ಬದಲಾಯಿಸೋವಾಗ ಗಾಜಿಗೆ ಮುಖ ಒತ್ತಿ ನೋಡ್ತಾ ಕೂತಿದ್ರೆ ನೀವೇನ್ ಮಾಡ್ತೀರಾ?"

ಬೈಯಲೆಂದು ಬಾಯಿ ತೆರೆದಳು. ನಗು ಬಂದುಬಿಟ್ಟಿತು. ಅದನ್ನು ಮುಚ್ಚಲು ಕೈ ಅಡ್ಡ ಹಿಡಿದರೂ ಕಣ್ಣು ಮಾತು ಕೇಳಲಿಲ್ಲ.

ಆಮೇಲೆ ದಿನವೂ ಒಂದು ನೆಪ. ಇವತ್ತು ಪಾಚಿ, ನಾಳೆ ಎಲೆಗಿಡ. "ನರ್ಸರಿ ಗಿಡ ತಂದು ಹಂಗೇ ನೆಡಬ್ಯಾಡ. ಔಷಧಿ ಹೊಡೆದಿರ್ತಾರೆ. ಬಕೆಟ್ಟಲ್ಲಿ ನೆನೆಹಾಕು, ದಿನಾ ನೀರು ಬದಲಾಯ್ಸು," ಅನ್ನುತ್ತಿದ್ದ. ಮೇಡಂ ಎಂಬುದು ಯಾವಾಗ ಉದುರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಈಚೆಗೆ ಅವಳು ದೊಡ್ಡ ತೊಟ್ಟಿ ಕೊಂಡ ದಿನ ಅವನು ತನ್ನ ಹಳೇ ತೊಟ್ಟಿಯ ಫಿಲ್ಟರ್ ಸ್ಪಂಜನ್ನು ಒಂದು ಕ್ಯಾನಿನೊಳಕ್ಕೆ ಹಿಂಡಿದ. ಕಂದು ನೀರು ಇಳಿಯಿತು.

"ಥೂ, ಕೊಳೆ!"

"ಕೊಳೆಯಲ್ಲ ಕಣೇ. ಇದರಾಗೆ ಕಣ್ಣಿಗೆ ಕಾಣದ ಜೀವ ಐತೆ. ಸೀಗಡಿ ಹೊಲಸನ್ನ ಅದು ತಿಂದು ನೀರು ಕಾಯ್ತದೆ. ಬರೀ ಹೊಸ ನೀರಾದ್ರೆ ಸತ್ತೋಗ್ತಾವೆ."

ಕ್ಯಾನನ್ನು ಅವನು ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಊರಾಚೆಯ ದಲಿತ ಕಾಲೊನಿಯಲ್ಲಿ ಹುಟ್ಟಿದ ಮೈಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಊರಿನವರಿಗೆ ನೀರು ಕೊಡುವಾಗ ಇಟ್ಟು ಸರಿಯಬೇಕು.

ಅವಳು ಬಗ್ಗಲಿಲ್ಲ. ಕೈ ಚಾಚಿಕೊಂಡೇ ನಿಂತಳು.

"ಕೈಗೆ ಕೊಡು."

ಅವನು ರಸ್ತೆಯ ಕಡೆ ನೋಡಿದ. ಆಮೇಲೆ ಅವಳ ಕಡೆ. ಎತ್ತಿಕೊಟ್ಟ. ಕ್ಯಾನಿನ ಹಿಡಿಯ ಮೇಲೆ ಅವನ ಒದ್ದೆ ಬೆರಳು ಅವಳ ಬೆರಳ ಕೆಳಗೆ ಸಿಕ್ಕಿಕೊಂಡಿತು. ಅವಳು ಬಿಡಲಿಲ್ಲ.

"ಭಾರ ಐತಾ?" ಅಂದ, ದನಿ ಇಳಿದುಹೋಗಿತ್ತು.

"ಹೂಂ. ಇನ್ನೊಸಿ ಹೊತ್ತು ಹಿಡ್ಕೊ."

ಮೊನ್ನೆ ಅವ್ವ ಕದಿರಮ್ಮ ಕೇಳಿದಳು, "ನಲ್ಲೀಲಿ ನೀರು ಬರ್ತಿದ್ರೂ ಆ ಕೊಳೆ ಎಲ್ಲಿಂದ ತಂದು ಹುಯ್ದೆ?" ಮಗಳು ಯೋಚಿಸದೆ ಚಿರಂಜೀವಿಯ ಹೆಸರು ಹೇಳಿಬಿಟ್ಟಳು. ಕದಿರಮ್ಮ ಮನೆಯೆಲ್ಲ ಸಾರಿಸಿದಳು. ಮಗನಿಗೆ ಹೇಳಿದಳು. ಅವನು ಕೆಲಸಕ್ಕಿದ್ದ, ಪ್ಲಾಸ್ಟಿಕ್ ಹೊದಿಕೆಯ ಗುಲಾಬಿ ಪಾಲಿಹೌಸಿನಿಂದ ಔಷಧಿ ಬಾಟಲಿ ಬಂತು.

ಸತ್ತ ಸೀಗಡಿಗಳ ಮುಂದೆ ಚಂದ್ರಲೇಖಾ ಅಳಲಿಲ್ಲ. ಯೂನಿಫಾರಂನಲ್ಲೇ ಹೊರಟು ಅಂಗಡಿಗೆ ಬಂದಳು.

"ನೀರಿಗೇ ವಿಷ ಹಾಕ್ದ. ನಾನಿನ್ನು ಆ ಮನೆಗೆ ಹೋಗಲ್ಲ."

ಚಿರಂಜೀವಿ ಬಾಯಿ ತೆರೆಯುವ ಮೊದಲೇ ಬೈಕುಗಳು ಬಂದವು. ಕೆಂಪರಾಜು, ಜೊತೆಗೆ ಪಾಲಿಹೌಸಿನ ಇಬ್ಬರು, ಕೈಯಲ್ಲಿ ಕಬ್ಬಿಣದ ಪೈಪು.

ಮೊದಲ ಏಟಿಗೆ ದೊಡ್ಡ ತೊಟ್ಟಿ ಸೀಳಿತು. ನೀರು ಗೋಡೆಯಂತೆ ಕುಸಿಯಿತು. ಗಾಜು, ಮಣ್ಣು, ಪಾಚಿ, ಬೇರುಸಮೇತ ಎಲೆಗಿಡಗಳು ಹೊಸಿಲು ದಾಟಿ ರಸ್ತೆಗೆ ಹರಿದವು. ಕೆಂಪು ಸೀಗಡಿಗಳು ಟಾರಿನ ಮೇಲೆ ಚಿಮ್ಮಿ ಚಿಮ್ಮಿ ಬಿದ್ದವು, ಬೂಟುಗಳು ತುಳಿದವು. ಎರಡನೆಯ ಏಟು ಚಿರಂಜೀವಿಯ ಎಡಗೈಗೆ. ಮೂಳೆ ಮುರಿದ ಸದ್ದು ಎದುರಿನ ಟೀ ಅಂಗಡಿಗೂ ಕೇಳಿಸಿತು. ಮೂರನೆಯದಕ್ಕೆ ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ಮೊಣಕಾಲೂರಿಸಿ ಕೂದಲು ಹಿಡಿದರು. ಅಡ್ಡ ಬಂದ ಚಂದ್ರಲೇಖಾಳ ಕೆನ್ನೆಗೆ ಅಣ್ಣನ ಕೈ ಬಿತ್ತು.

"ಅಯ್ಯೋ ಬಿಡ್ರಪ್ಪಾ, ಸತ್ತೋಗ್ತಾನೆ!" ಟೀ ಅಂಗಡಿಯ ಚೆಲುವಮ್ಮ ಒಬ್ಬಳೇ ಕೂಗಿದಳು. ಉಳಿದವರು ಫೋನು ಎತ್ತಿ ಹಿಡಿದಿದ್ದರು.

ಕೆಂಪರಾಜು ಕಾಲಿನ ಚಪ್ಪಲಿ ಬಿಚ್ಚಿ ತಂಗಿಯ ಕೈಗೆ ತುರುಕಿದ.

"ಇವ್ನೇ ನನ್ನ ಹಿಂದೆ ಬಿದ್ದಿದ್ದ ಅಂತ ಎಲ್ರ ಮುಂದೆ ಹೇಳಿ ಹೊಡಿ. ಬಿಟ್ಬುಡ್ತೀನಿ. ಇಲ್ದಿದ್ರೆ ಇನ್ನೊಂದು ಕೈನೂ ಹೋಗ್ತದೆ."

ಚಿರಂಜೀವಿ ತೆರೆದಿದ್ದ ಒಂದೇ ಕಣ್ಣಿನಿಂದ ಅವಳನ್ನು ನೋಡಿದ.

"ಹೊಡಿ, ಚಂದ್ರಾ. ಒಂದೇಟು. ನಂಗೇನೂ ಆಗಲ್ಲ. ಹೊಡ್ದು ಮನೆಗೋಗು."

ಚಪ್ಪಲಿ ಅವಳ ಕೈಯಲ್ಲಿ ಒಂದು ಕ್ಷಣ ತೂಗಿತು. ಫೋನುಗಳೆಲ್ಲ ಹತ್ತಿರ ಬಂದವು. ಅವಳು ಅದನ್ನು ಕೆಳಗೆ ಬಿಟ್ಟಳು. ಗಾಜು ಹರಡಿದ ಆ ನೀರಿನಲ್ಲೇ ಅವನ ಪಕ್ಕ ಮೊಣಕಾಲೂರಿ, ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಇವ್ನು ನನ್ನ ಹಿಂದೆ ಬಿದ್ದಿಲ್ಲ. ನಾನೇ ಬಂದೆ. ದಿನಾ ನಾನೇ ಬಂದೆ, ಇವ್ನು ಬೇಕು ಅಂತ."

ಪೈಪು ಮೇಲೆದ್ದಿತು. "ಹೊಡಿ, ಚಂದ್ರಾ," ಅವನು ಅವಳ ಎದೆಯೊಳಗೇ ಗೋಗರೆದ.

"ನೀನೂ ಹೇಳ್ಬ್ಯಾಡ," ಅಂದಳು. ಅಣ್ಣನ ಮುಖ ನೋಡುತ್ತಲೇ ಹೇಳಿದಳು: "ಹೊಡಿಯಲ್ಲ."