ಹದಿನೆಂಟು ತಾಸಿನ ಮಸ್ಕತ್

"ವಿಮಾನ ಇಳೀತೇನ್ರಿ?"

ಹವಳಗಾದ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಸಾಲಿಗೆ ಬಿಡುತ್ತಿದ್ದ ಗುರುಶಾಂತ ಬೆಚ್ಚಿ ತಿರುಗಿದ. ಎದುರಿಗೆ ಶಿವಗಂಗಾ! ಬರುವ ಬೇಸಿಗೆಯಲ್ಲಿ ಅವನು ತಾಳಿ ಕಟ್ಟಬೇಕಾದ ಹುಡುಗಿ.

ಐದು ದಿನದಿಂದ ಫೋನಿನಲ್ಲಿ ಮಸ್ಕತ್ತಿನ ಬಿಸಿಲು ವರ್ಣಿಸುತ್ತಿದ್ದವನು ಮುಂದಿನ ಟ್ರ್ಯಾಕ್ಟರಿಗೆ ಕೈ ಮಾಡುವುದನ್ನೇ ಮರೆತ.

ಮಸ್ಕತ್ತಿನ ನೌಕರಿಗೆ ಬೇಕಾದ ಮೆಡಿಕಲ್ ತಪಾಸಣೆ ಮುಗಿಸಿ ಅಲ್ಲಿಂದಲೇ ಹಾರುತ್ತೇನೆಂದು ಹೈದರಾಬಾದಿಗೆ ಹೋದವನು ಸೋಮವಾರ ಬೆಳಿಗ್ಗೆ ಅವಳಿಗೆ ಫೋನ್ ಮಾಡಿದ್ದ. "ವಿಮಾನ ಹತ್ತಾಕತ್ತೇನಿ. ಹದಿನೆಂಟು ತಾಸಿನ ದಾರಿ. ಅಲ್ಲಿ ತನಕ ಫೋನ್ ಹತ್ತಂಗಿಲ್ಲ."

ನರೋಣಾದ ತಮ್ಮ ಮನೆಯಲ್ಲಿ ಶಿವಗಂಗಾಳ ಅವ್ವ ರೇವಮ್ಮ ಕಸಬರಿಗೆ ಎತ್ತಿಟ್ಟಳು. ದೂರ ಹೊರಟವರು ಊರು ಮುಟ್ಟುವ ತನಕ ಮನೆ ಗುಡಿಸಬಾರದು, ಅದು ಅವಳ ಕಟ್ಟಳೆ. ಸಂಜೆಗೆ ಮನೆ ತುಂಬ ಕಸ. ಬೇಸತ್ತ ತಂಗಿ ಜಯಮಾಲಾ ಮೊಬೈಲ್ ಹಿಡಿದು ಕೂತಳು.

"ಅಕ್ಕಾ, ಹೈದರಾಬಾದಿನಿಂದ ಮಸ್ಕತ್ ಎರಡು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮೂರೂವರೆ ತಾಸಿನ್ಯಾಗ ಮುಟ್ತಾರಂತ."

"ನಡುವ ಎಲ್ಯಾರ ನಿಂತಿರಬೇಕು, ಸುಮ್ಮನಿರು ಬೇ" ಎಂದು ಶಿವಗಂಗಾ ತಂಗಿಯನ್ನೇ ಗದರಿದಳು. ಆದರೆ ಉಳಿದ ಹದಿನಾಲ್ಕೂವರೆ ತಾಸು ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ನಿನ್ನೆ, ಕಬ್ಬು ಹಾಕಿ ಬಂದ ನೆರೆಮನೆಯ ಶಂಕರಲಿಂಗ, "ನಿಮ್ಮ ಗುರುಶಾಂತ ಹವಳಗಾ ಗೇಟಿನ್ಯಾಗ ಅದಾನಲ್ಲ" ಅಂದಾಗ ಅವಳ ಜೀವವೇ ಬಾಯಿಗೆ ಬಂತು. ಬೆಳಗಾದೊಡನೆ ಮನೆಯಲ್ಲಿ ಯಾರಿಗೂ ಹೇಳದೆ ಹವಳಗಾ ದಾರಿಯ ಅಫಜಲಪುರದ ಬಸ್ಸು ಹತ್ತಿದ್ದಳು.

"ಅಕಿ ಯಾರ‍್ರಿ?" ಶಿವಗಂಗಾ ಕೇಳಿದಳು. "ಯಾರ ಸಲುವಾಗಿ ನನಗ ಮೋಸ ಮಾಡಿದ್ರಿ?"

"ಯಾರೂ ಇಲ್ಲ ಶಿವಗಂಗಾ... ಮೆಡಿಕಲ್‌ನ್ಯಾಗ ಫೇಲಾದೆ." ಅವನು ತಲೆ ತಗ್ಗಿಸಿದ. "ಸಣ್ಣಾಂವಿದ್ದಾಗ ಟಿಬಿ ಆಗಿತ್ತು. ವಾಸಿ ಆಗೇದ, ಖರೆ. ಆದ್ರ ಎಕ್ಸ್‌ರೇದಾಗ ಅದರ ಕಲೆ ಬಂತು. ನಿಮ್ಮಪ್ಪಗ ಗೊತ್ತಾದ್ರ ಸಂಬಂಧ ಮುರೀತಾರಂತ ಹೆದರಿದೆ. ಆ ಹದಿನೆಂಟು ತಾಸು... ಏನು ಹೇಳಬೇಕಂತ ತಿಳೀಲಾರದಕ್ಕ ಬಾಯಿಗೆ ಬಂದದ್ದು."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟಕ್ಕಾಗಿ ನನ್ನನ್ನು ಐದು ದಿನ ಹುಚ್ಚಿ ಮಾಡಿದನೇ? ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ?

"ನಿಮ್ಮ ಎದಿಯೊಳಗ ಕಲೆ ಇದ್ರ ನಾ ಲಗ್ನ ಆಗ್ತೇನಿ. ಸುಳ್ಳು ಇದ್ರ ಆಗಂಗಿಲ್ಲ. ಈಗೇ ಅಪ್ಪಗ ಫೋನ್ ಹಚ್ಚರಿ."

"ಬೈತಾರ..."

"ಬೈಲಿ. ನಾ ಬಾಜೂಕೇ ನಿಂತೇನಿ."

ಅವನು ಫೋನ್ ಹಚ್ಚಿದ. ಆ ಕಡೆಯಿಂದ ಅವಳ ಅಪ್ಪ ಚಂದ್ರಾಮಪ್ಪನ ದೊಡ್ಡ ದನಿ ಕೇಳಿತು.

"ಏನಪಾ ಅಳಿಯಾ, ಮಸ್ಕತ್‌ನ್ಯಾಗ ಹೆಂಗ ಅದೀ?"

ಗುರುಶಾಂತ ಅವಳ ಮುಖ ನೋಡಿದ. ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಮಾವಾರ... ನಾ ಹೋಗೇ ಇಲ್ರಿ."