ಎರಡು ಬಾಟಲಿ, ಒಂದು ವಾಸನೆ

ಲಕೋಟೆ ಒಡೆದು ಚೀಟಿ ಓದಿದ ಡಾಕ್ಟರಮ್ಮನ ಮುಖ ಬಿಳುಚಿಕೊಂಡಿತು.

"ತಲೆಕೆಳಗಾಗಿದೆ," ಎಂದರು. "ಪೂರ್ತಿ ತಲೆಕೆಳಗು!"

ಮೇಜಿನ ಆಚೆ ನಿಂತಿದ್ದ ತಕ್ಕಡಿ ಚೀಟಿಯತ್ತ ಬಾಗಿದಳು. ಆ ಪ್ರಯೋಗಾಲಯದಲ್ಲಿ ಔಷಧ ತೂಗಿ ಬೆರೆಸುವುದು ಅವಳ ಕೆಲಸ. ಕೂದಲೆಳೆಯಷ್ಟೂ ಆಚೀಚೆ ಆಗದ ಕೈ ಎಂದೇ 'ತಕ್ಕಡಿ' ಎಂಬ ಅಡ್ಡಹೆಸರು ಬಿದ್ದಿತ್ತು. ಚೀಟಿಯನ್ನು ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೂ ಅವಳೇ: 'ಕ' ಬಾಟಲಿಯಲ್ಲಿ ಔಷಧ, 'ಚ' ಬಾಟಲಿಯಲ್ಲಿ ಸಪ್ಪೆ ನೀರು.

ಮೂರು ದಿನದ ಹಿಂದೆ ಇಪ್ಪತ್ನಾಲ್ಕು ಇಲಿಗಳ ಹೃದಯದ ರಕ್ತನಾಳವನ್ನು ಅರ್ಧ ಗಂಟೆ ಕಟ್ಟಿ, ಮತ್ತೆ ಬಿಚ್ಚಿದ್ದರು. ಅದಕ್ಕೂ ಮುಂಚೆ ಹನ್ನೆರಡು ಇಲಿಗೆ 'ಕ' ಚುಚ್ಚುಮದ್ದು, ಉಳಿದ ಹನ್ನೆರಡಕ್ಕೆ 'ಚ'. ಇವತ್ತು ಬೆಳಿಗ್ಗೆ ಎಣಿಸಿದರೆ— ಔಷಧ ಸಿಕ್ಕ 'ಕ' ಗುಂಪಿನಲ್ಲಿ ಒಂಬತ್ತು ಸತ್ತಿವೆ. ನೀರು ಸಿಕ್ಕ 'ಚ' ಗುಂಪಿನಲ್ಲಿ ಹನ್ನೊಂದು ಬದುಕಿ ಓಡಾಡುತ್ತಿವೆ!

"ಸಂಜೆ ನಾಲ್ಕಕ್ಕೆ ಸಮಿತಿ ಕೂರುತ್ತೆ," ಎಂದರು ಚಿಕ್ಕ ಸಾರ್. ಡಾಕ್ಟರಮ್ಮನ ನಂತರದ ಅಧಿಕಾರ ಅವರದ್ದೇ. "ಜೀವ ಉಳಿಸೋ ಔಷಧ ಅಂದಿದ್ದು ಜೀವ ತೆಗೀತು ಅಂದರೆ ಯೋಜನೆಗೆ ಬೀಗ. ಬಾಟಲಿಗೆ ಚೀಟಿ ಕಟ್ಟಿದ್ದು ಯಾರು?"

ಎಲ್ಲರ ಕಣ್ಣೂ ತಕ್ಕಡಿಯ ಮೇಲೆ.

ಹತ್ತು ಗಂಟೆಗೆ ಸಂಸ್ಥೆಯ ಭದ್ರತಾ ಅಧಿಕಾರಿ ಬಂದಳು. ಪೊಲೀಸ್ ಕೆಲಸ ಬಿಟ್ಟು ಬಂದ ಹೆಂಗಸು. ಯಾರು ಏನೇ ಹೇಳಲಿ, ಜಾಲಿಸಿ ಜಾಲಿಸಿ ನೋಡುತ್ತಾಳೆಂದು ಅವಳಿಗೆ 'ಜರಡಿ' ಎಂಬ ಹೆಸರು.

"ನನಗೆ ವಿಜ್ಞಾನ ಬರಲ್ಲ," ಎಂದು ಕುರ್ಚಿ ಎಳೆದುಕೊಂಡಳು. "ಈ ಔಷಧ ಏನು?"

"ಹೈಡ್ರೋಜನ್ ಸಲ್ಫೈಡ್," ಎಂದರು ಡಾಕ್ಟರಮ್ಮ.

"ಅಯ್ಯೋ, ಚರಂಡಿ ಗ್ಯಾಸಾ? ಒಳಗಿಳಿದವರನ್ನ ಕೊಲ್ಲುತ್ತಲ್ಲ, ಅದಾ?"

"ಅದೇ. ಜಾಸ್ತಿಯಾದರೆ ಜೀವಕೋಶದ ಉಸಿರನ್ನೇ ಕಟ್ಟಿಸುತ್ತೆ. ಆದರೆ ಈ ಕ್ಷಣ ನಿಮ್ಮ ಮೈಯೊಳಗೂ ಅದು ತಯಾರಾಗ್ತಾ ಇದೆ, ಒಂಚೂರೇ ಚೂರು. ರಕ್ತನಾಳ ಸಡಿಲ ಮಾಡುತ್ತೆ, ಉರಿಯೂತ ತಗ್ಗಿಸುತ್ತೆ. ನಿಂತ ರಕ್ತ ಮತ್ತೆ ನುಗ್ಗಿದಾಗ ಹೃದಯಕ್ಕೆ ಬೀಳೋ ಪೆಟ್ಟನ್ನ ತಡೆಯುತ್ತೆ. ಎಷ್ಟು ಕೊಟ್ಟರೆ ಮದ್ದು, ಎಷ್ಟು ಕೊಟ್ಟರೆ ವಿಷ— ಅದನ್ನ ಹುಡುಕೋಕೇ ನನಗೆ ಹನ್ನೊಂದು ವರ್ಷ ಹಿಡೀತು."

"ಸಪ್ಪೆ ನೀರು ಅಂದರೆ?"

ಇದಕ್ಕೆ ತಕ್ಕಡಿ ಉತ್ತರಿಸಿದಳು. "ಒಂದು ಉಪ್ಪು ಇದೆ. ನೀರಿಗೆ ಹಾಕಿದರೆ ಈ ಗ್ಯಾಸ್ ಬಿಡುತ್ತೆ. ತಾಜಾ ಬೆರೆಸಿ ಬಿಗಿಯಾಗಿ ಮುಚ್ಚಿದರೆ ಔಷಧ. ಅದೇ ನೀರನ್ನ ಮುಚ್ಚಳ ತೆಗೆದು ಒಂದು ದಿನ ಇಟ್ಟರೆ ಗ್ಯಾಸೆಲ್ಲ ಹಾರಿಹೋಗಿ ಸಪ್ಪೆ. ಕಣ್ಣಿಗೆ ಎರಡೂ ಒಂದೇ."

"ಮೂಗಿಗೆ?"

"ಅದೇ ತೊಂದರೆ. ತಾಜಾ ಬಾಟಲಿಗೆ ಸೂಜಿ ಚುಚ್ಚಿದರೆ ಸಾಕು, ಕೊಳೆತ ಮೊಟ್ಟೆ ವಾಸನೆ. ಚುಚ್ಚುವವರಿಗೆ ಯಾವುದು ಯಾವುದು ಅಂತ ಗೊತ್ತಾಗಬಾರದು. ಅದಕ್ಕೇ ಆ ಕೆಲಸ ಇಲಿಮಾವಂದು."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಮುದುಕ ಕೈಯೆತ್ತಿದ. ಇಲಿಗಳ ಉಸ್ತುವಾರಿ ಅವನದು. ನಾಲ್ಕು ವರ್ಷದ ಹಿಂದೆ ಬಂದ ಜ್ವರವೊಂದು ವಾಸನೆಯನ್ನೆಲ್ಲ ಹೊತ್ತೊಯ್ದಿತ್ತು.

"ನನ್ನ ಮೂಗು ಕನ್ನಡಕ ನಿಲ್ಲಿಸೋಕೆ ಮಾತ್ರ, ತಾಯಿ," ಎಂದ.

ಜರಡಿ ನಗಲಿಲ್ಲ. "ಇಲಿಮನೆ ಕೀಲಿ?"

"ನನ್ನ ಸೊಂಟದಲ್ಲಿ. ಬೇರೆಯವರಿಗೆ ಕೊಡಲ್ಲ. ಆ ದಿನ ಎಂಟೂ ಮುಕ್ಕಾಲಿಗೆ ಈ ತಕ್ಕಡಿಯಮ್ಮ ಕಿಂಡಿಯಿಂದ ಎರಡು ಬಾಟಲಿ ಕೊಟ್ಟರು. ಒಂಬತ್ತೂವರೆಗೆ 'ಕ' ಶುರು, ಹನ್ನೊಂದಕ್ಕೆ 'ಚ'."

"ನಡುವೆ ಯಾರಾದರೂ ಬಂದರಾ?"

"ನರಪಿಳ್ಳೆಯೂ ಇಲ್ಲ."

"ಚಿಕ್ಕ ಸಾರ್, ನೀವು?"

"ನಾನು ಎಂಟರಿಂದ ಹನ್ನೆರಡರ ತನಕ ಮೇಲಿನ ಮಹಡಿಯ ಮೀಟಿಂಗಲ್ಲಿ. ಆರು ಜನರ ಕಣ್ಣೆದುರು ಆಕಳಿಸ್ತಾ ಕೂತಿದ್ದೆ. ಬೇಕಾದರೆ ಕೇಳಿ."

ಜರಡಿ ತಿರುಗಿದಳು. "ತಕ್ಕಡಿ, ಚೀಟಿ ಕಟ್ಟಿದ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಆಗಿತ್ತಾ?"

"ಆಗಿತ್ತು," ಎಂದಳು ತಕ್ಕಡಿ. ಸುಳ್ಳು. ಎರಡು ಗಂಟೆಯೂ ಕಣ್ಣು ಮುಚ್ಚಿರಲಿಲ್ಲ. ರಜೆಯ ಮಾತೆತ್ತಿದರೆ ಚಿಕ್ಕ ಸಾರ್ ಮುಖ ಸಿಂಡರಿಸುತ್ತಾರೆಂದು ತುಟಿ ಬಿಚ್ಚದೆ ಕೆಲಸಕ್ಕೆ ಬಂದಿದ್ದಳು. ನಿಜಕ್ಕೂ ನೆಟ್ಟಗೆ ಕಟ್ಟಿದ್ದೆನೇ? 'ಕ' ಎಂಬ ಚೀಟಿಯ ದಾರವನ್ನು ಯಾವ ಬಾಟಲಿಯ ಕೊರಳಿಗೆ ಹಾಕಿದೆ? ನೆನೆಸಿಕೊಂಡಷ್ಟೂ ಮಂಜು.

"ಬೈಬೇಡಿ ಅವರನ್ನ," ಇಲಿಮಾವ ಮೆಲ್ಲಗೆ ಹೇಳಿದ. "ಮಗುವಿಗೆ ಜ್ವರ ಬಂದರೆ ಯಾವ ತಾಯಿ ಮಲಗ್ತಾಳೆ? ಅರೆನಿದ್ದೆಯ ಕೈ, ತಪ್ಪಿರುತ್ತೆ."

ತಕ್ಕಡಿಯ ಕಣ್ಣು ತುಂಬಿತು. ಈ ಕೋಣೆಯಲ್ಲಿ ತನ್ನ ಪರ ಮಾತಾಡಿದವನು ಇವನೊಬ್ಬನೇ.

ಚಿಕ್ಕ ಸಾರ್ ಅವಳ ಮುಂದೆ ಒಂದು ಕಾಗದ ಸರಿಸಿದರು. "ಚೀಟಿ ಅದಲುಬದಲು ಮಾಡಿದ್ದು ನನ್ನ ತಪ್ಪು ಅಂತ ಸಹಿ ಹಾಕು. ಔಷಧ ಕೆಟ್ಟದ್ದಲ್ಲ, ಕೈತಪ್ಪು ಅಂತ ಸಮಿತಿ ಒಪ್ಪಿಕೊಳ್ಳುತ್ತೆ. ಯೋಜನೆ ಉಳಿಯುತ್ತೆ."

"ನನ್ನ ಕೆಲಸ?"

ಅವರು ಕಿಟಕಿಯತ್ತ ನೋಡಿದರು.

"ಮೂರೂವರೆ ತನಕ ಯಾರೂ ಏನಕ್ಕೂ ಸಹಿ ಹಾಕಬಾರದು," ಎಂದು ಜರಡಿ ಎದ್ದಳು.

ಇಲಿಮನೆ ತಣ್ಣಗಿತ್ತು. ಪಂಜರಗಳ ಸಾಲು, ಮರದ ಹೊಟ್ಟು, ನೀರಿನ ಸೀಸೆ. ಗೋಡೆಯಲ್ಲಿ ಗಾಳಿ ಹೊರಹಾಕುವ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.

"ಇಷ್ಟು ನಿಧಾನವೇಕೆ?" ಜರಡಿ ಕೇಳಿದಳು.

"ಜೋರು ಮಾಡಿದರೆ ಇಲಿಗಳು ಬೆದರುತ್ತವೆ," ಎಂದಳು ತಕ್ಕಡಿ. "ಯಾರಾದರೂ ಆ ಗುಂಡಿ ಮುಟ್ಟಿದರೆ ಇಲಿಮಾವ ಮೈಮೇಲೆ ಬರ್ತಾರೆ."

ಫ್ಯಾನಿನ ಕೆಳಗೊಂದು ಪೆಟ್ಟಿಗೆ. ವೇಗ, ಬಿಸಿ, ತೇವ ಎಲ್ಲವನ್ನೂ ಗಳಿಗೆ ಗಳಿಗೆಗೂ ಬರೆದಿಡುವ ಯಂತ್ರ. ಮೂರು ದಿನದ ಹಿಂದಿನ ಹಾಳೆ ತೆಗೆಸಿ ಜರಡಿ ಬಹಳ ಹೊತ್ತು ನೋಡಿದಳು. ಆಮೇಲೆ ತಕ್ಕಡಿಯನ್ನು ಬಾಗಿಲಾಚೆ ಕರೆದಳು.

"ನಿಜ ಹೇಳು. ಮಗುವಿಗೆ ಜ್ವರ ಅಂತ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ."

"ಗಂಡನಿಗೆ?"

"ಅವರಿಗೆ ಹೇಳೋದೇನು? ಥರ್ಮಾಮೀಟರ್ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದರು."

"ಮಗುವಿಗೆ ಏನಾದರೂ ಹಚ್ಚಿದ್ದೆಯಾ?"

"ಎದೆಗೆ ಕರ್ಪೂರದ ಮುಲಾಮು. ಮೂರು ಸಲ ಸೋಪು ಹಾಕಿದರೂ ಕೈಯಿಂದ ಹೋಗಲಿಲ್ಲ. ಯಾಕೆ?"

ಕೇಳಿದ ಮರುಕ್ಷಣವೇ ತಕ್ಕಡಿಗೆ ಹೊಳೆಯಿತು. ತನ್ನ ಅಂಗೈಯನ್ನು ಮೂಗಿನ ಬಳಿ ತಂದಳು.

ಮೂರೂವರೆಗೆ ಎಲ್ಲರೂ ಮೇಜಿನ ಸುತ್ತ ಸೇರಿದರು.

"ಇಲಿಮಾವ," ಎಂದಳು ಜರಡಿ, "ಈಯಮ್ಮನ ಮಗುವಿಗೆ ಜ್ವರ ಅಂತ ನಿನಗೆ ಹೇಳಿದ್ದು ಯಾರು?"

"ಯಾರೋ... ಇಲ್ಲೇ ಮಾತಾಡ್ಕೊಳ್ತಿದ್ದರು."

"ಇಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಕಿಂಡಿಯಿಂದ ಬಾಟಲಿ ಕೊಟ್ಟ ಕೈ ಮುಲಾಮು ನಾರುತ್ತಿತ್ತು. ಕಣ್ಣು ಕೆಂಪಗಿತ್ತು. ನೀನು ಒಂದಕ್ಕೊಂದು ಕೂಡಿಸಿದೆ. ಆದರೆ ಮುಲಾಮಿನ ವಾಸನೆ ನಿನಗೆ ಹೇಗೆ ಬಂತು?"

ಮುದುಕ ಸೊಂಟದ ಕೀಲಿ ತಡವಿದ.

"ಇನ್ನೊಂದು. ಫ್ಯಾನು ದಿನವಿಡೀ ನಿಧಾನ. ಆ ದಿನ ಎರಡೇ ಸಲ ಜೋರಾಗಿದೆ. ಒಂದು ಸಲ ಹನ್ನೊಂದರಿಂದ ಹನ್ನೆರಡರ ತನಕ, ನೀನು 'ಚ' ಚುಚ್ಚುವಾಗ. 'ಕ' ಚುಚ್ಚುವಾಗ ಇಲ್ಲ. ವಾಸನೆ ಗೊತ್ತಾಗದವನಿಗೆ ಯಾಕೆ ಈ ಭೇದ?"

"ಸೆಕೆ ಆಯ್ತು..."

"ಬಿಸಿ ಒಂದು ಡಿಗ್ರಿಯೂ ಏರಿಲ್ಲ, ಅದೇ ಹಾಳೆಯಲ್ಲಿದೆ. ಅದಿರಲಿ, ಇನ್ನೊಂದು ಸಲ ಯಾವಾಗ ಗೊತ್ತಾ? ಎಂಟೂ ಐವತ್ತಕ್ಕೆ! ಬಾಟಲಿ ಕೈಗೆ ಬಂದು ಐದು ನಿಮಿಷ. ಒಂದು ಇಲಿಯನ್ನೂ ಇನ್ನೂ ಮುಟ್ಟಿಲ್ಲ. ಆಗ ಎರಡಕ್ಕೂ ಸೂಜಿ ಚುಚ್ಚಿ ಮೂಸಿದೆ. ಔಷಧ ಇದ್ದದ್ದು 'ಕ'ದಲ್ಲೇ— ತಕ್ಕಡಿ ಕಟ್ಟಿದ ಹಾಗೇ. ಕೊರಳಿನ ಚೀಟಿ ಅದಲುಬದಲು ಮಾಡಿದ್ದು ನೀನು!"

ಇಲಿಮಾವ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ.

"ಎರಡು ತಿಂಗಳ ಹಿಂದೆ ಮೂಗು ತಿರುಗಿ ಬಂತು. ನಾಲ್ಕು ವರ್ಷದ ಮೇಲೆ ಬಂದ ಮೊದಲ ವಾಸನೆ ಈ ದರಿದ್ರ ಕೊಳೆತ ಮೊಟ್ಟೆಯದು. ಸಂತೋಷಕ್ಕೆ ಅತ್ತುಬಿಟ್ಟೆ. ಹೇಳಿದರೆ ಕೆಲಸ ಹೋಗುತ್ತೆ, ಸುಮ್ಮನಿದ್ದೆ." ಅವನ ದನಿ ಸಣ್ಣಗಾಯಿತು. "ತಾಯಿ ಸತ್ತ ಐದು ಮರಿಗಳಿದ್ದವು. ಹನಿ ಹನಿ ಹಾಲು ಹಾಕಿ ನಾನೇ ಬದುಕಿಸಿದ್ದು. ಯಾವ ಇಲಿ ಯಾವ ಗುಂಪಿಗೆ ಅಂತ ಚೀಟಿ ಎತ್ತಿದಾಗ ಐದೂ 'ಚ'ಕ್ಕೆ ಬಿದ್ದವು. 'ಚ' ಬಾಟಲಿ ಮೂಸಿದೆ... ಏನೂ ಇಲ್ಲ. ಸಪ್ಪೆ. ಕೈ ತಡೀಲಿಲ್ಲ, ಡಾಕ್ಟರಮ್ಮ."

"ಐದೂ ಬದುಕಿವೆಯಾ?" ಎಂದರು ಡಾಕ್ಟರಮ್ಮ, ತಮಗರಿವಿಲ್ಲದೆ.

"ಐದೂ."

ಅಂದರೆ ಔಷಧ ಕೆಲಸ ಮಾಡಿದೆ! ಡಾಕ್ಟರಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು. ತೆರೆದಾಗ ಮುಖ ಗಟ್ಟಿಯಾಗಿತ್ತು. "ಆದರೂ ಈ ಫಲಿತಾಂಶ ನಾನು ಎಲ್ಲೂ ತೋರಿಸೋ ಹಾಗಿಲ್ಲ. ಗೊತ್ತಿದ್ದ ಕೈ ಚುಚ್ಚಿದ ಮೇಲೆ ಅದು ಪ್ರಯೋಗವೇ ಅಲ್ಲ. ಎಲ್ಲ ಮೊದಲಿಂದ ಮಾಡಬೇಕು. ಸಮಿತಿ ಬಿಟ್ಟರೆ. ನೀವು ಕೀಲಿ ಇಟ್ಟು ಹೋಗಿ."

ಅವನು ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟ. ತಕ್ಕಡಿ ಅವನ ಎದುರು ಬಂದು ನಿಂತಳು.

"ನನ್ನ ನಿದ್ದೆಗೇಡು ನಿಮಗೆ ಮೊದಲೇ ಗೊತ್ತಿತ್ತು. ತಪ್ಪು ಯಾರ ತಲೆಗೆ ಬರುತ್ತೆ ಅಂತಲೂ ಗೊತ್ತಿತ್ತು ಅಲ್ವಾ, ಮಾವ?"

ಇಲಿಮಾವ ತಲೆ ಎತ್ತಲಿಲ್ಲ. "ಗೊತ್ತಿತ್ತು ಕಣಮ್ಮ."

"ನನ್ನ ಕೈಯನ್ನ ನಾನೇ ನಂಬದ ಹಾಗೆ ಮಾಡಿಬಿಟ್ಟಿರಿ."

ಬಾಗಿಲಲ್ಲಿ ಜವಾನ ಕಾಣಿಸಿಕೊಂಡ: ಸಮಿತಿ ಕೂತಿದೆ. ಚಿಕ್ಕ ಸಾರ್ ಕಡತ ಎತ್ತಿಕೊಂಡರು. ಡಾಕ್ಟರಮ್ಮ ಅದನ್ನು ಅವರ ಕೈಯಿಂದ ತೆಗೆದು ತಕ್ಕಡಿಗೆ ಕೊಟ್ಟರು.

"ನೀನು ಬಾ."

ಉದ್ದ ಮೇಜಿನ ಆಚೆ ಐದು ಮುಖ. ನಡುವಿನವರು ಕಾಗದದಿಂದ ಕಣ್ಣೆತ್ತದೆ ಕೇಳಿದರು: "ಬಾಟಲಿಗಳಿಗೆ ಚೀಟಿ ಕಟ್ಟಿದ್ದು ಯಾರು?"

"ನಾನು," ಎಂದಳು ತಕ್ಕಡಿ. "ಸರಿಯಾಗಿಯೇ ಕಟ್ಟಿದ್ದೆ."