ಹಲ್ಲು ಕಟ್ಟಿಸಿಕೊಂಡವಳು

“ಈ ಹಲ್ಲು... ಇದು ನಾನು ಮಾಡಿದ್ದು!”

ಮಾತು ಬಾಯಿಂದ ಜಾರಿದ ಮೇಲೆ ಆ ಯುವಕನೇ ಬೆಚ್ಚಿಬಿದ್ದ. ಆಶಾ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು.

ಬೆಳಗೋಡಿನಿಂದ ಸಕಲೇಶಪುರಕ್ಕೆ ಹೊರಟಿದ್ದ ಬೆಳಗಿನ ಬಸ್ಸು ಅದು. ಕಂಡಕ್ಟರನ ತಮಾಷೆಗೆ ಅವಳು ಮನಸಾರೆ ನಕ್ಕಿದ್ದಳು. ಎದುರಿಗೆ ಕಂಬಿ ಹಿಡಿದು ನಿಂತಿದ್ದ ಈ ಅಪರಿಚಿತ ಅವಳ ಬಾಯನ್ನೇ ನೋಡುತ್ತ ಪಿಸುದನಿಯಲ್ಲಿ ಹಾಗೆಂದುಬಿಟ್ಟಿದ್ದ. ಸದ್ಯ, ಬೇರೆ ಯಾರಿಗೂ ಕೇಳಿಸಿರಲಿಲ್ಲ!

“ಯಾರ್ರೀ ನೀವು?” ಅವಳು ದನಿ ತಗ್ಗಿಸಿ ಕೇಳಿದಳು.

“ಮೃತ್ಯುಂಜಯ ಅಂತ. ರಂಗಸ್ವಾಮಿ ಡಾಕ್ಟ್ರ ಕ್ಲಿನಿಕ್ಕಲ್ಲಿ ಹಿಂದ್ಗಡೆ ಕೂತು ಹಲ್ಲು ಕಟ್ಟೋನು. ತಪ್ಪಾಯ್ತು ಕಣ್ರೀ... ಎಡಗಡೆ ಹಲ್ಲು ಒಂಚೂರು ಓರೆಯಾಗಿ ಕೂರ್ಸಿದ್ದು ನಾನೇ. ಎಲ್ಲಾ ಸಾಲಾಗಿದ್ರೆ ಕಟ್ಟಿದ ಹಲ್ಲು ಅಂತ ಗೊತ್ತಾಗ್ಬುಡ್ತದೆ ಅಂತ...”

“ಸಾಕು! ಇನ್ನೊಂದು ಮಾತಾಡ್ಬೇಡಿ!”

ಪೇಟೆ ಇನ್ನೂ ಎರಡು ಮೈಲಿ ಇರುವಾಗಲೇ ಅವಳು ಬಸ್ಸಿಳಿದಳು. ‘ಇವನಿಗೆ ಗೊತ್ತು... ಇವನು ಯಾರಿಗಾದರೂ ಹೇಳಿಬಿಟ್ಟರೆ?’

ಆಶಾಳಿಗೆ ಆಗಿನ್ನೂ ಇಪ್ಪತ್ತೇಳು. ಬೆಳಗೋಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮೂರು ವರ್ಷಗಳ ಹಿಂದೆ ಒಸಡಿನಲ್ಲಿ ರಕ್ತ ಬರಲು ಶುರುವಾಗಿತ್ತು. ಉಷ್ಣ ಇರಬೇಕೆಂದು ಲವಂಗ, ಉಪ್ಪುನೀರಿನಲ್ಲೇ ಒಂದು ವರ್ಷ ಕಳೆದಳು. ಒಂದು ದಿನ ಅಕ್ಕಿರೊಟ್ಟಿ ಕಚ್ಚಿದಾಗ ಮುಂದಿನ ಹಲ್ಲು ರೊಟ್ಟಿಯಲ್ಲೇ ಉಳಿದುಬಿಟ್ಟಿತು!

“ಒಸಡಿನ ಕಾಯಿಲೆ ಮೂಳೆಯನ್ನೇ ತಿಂದುಬಿಟ್ಟಿದೆಯಮ್ಮ. ಕೆಳಗಿನ ಹಲ್ಲು ಉಳಿಸಬಹುದು. ಮೇಲಿನದು ಒಂದೂ ಉಳಿಯಲ್ಲ,” ಎಂದಿದ್ದರು ಸಕಲೇಶಪುರದ ಹಲ್ಲಿನ ಡಾಕ್ಟರ್ ರಂಗಸ್ವಾಮಿ.

ಅಂದಿನಿಂದ ಮೇಲಿನ ಸಾಲು ಪೂರ್ತಿ ಕಟ್ಟಿದ ಹಲ್ಲು. ಅದು ಗೊತ್ತಿದ್ದದ್ದು ತಾಯಿ ತಾಯಮ್ಮನಿಗೆ, ಸೋದರಮಾವ ತೋಟಪ್ಪನಿಗೆ, ಡಾಕ್ಟರಿಗೆ. ಈಗ ಈ ಮೃತ್ಯುಂಜಯನಿಗೂ!

ಬಸ್ಸಿನ ಆ ಘಟನೆಯಾಗಿ ಎರಡೇ ವಾರ. ಬಚ್ಚಲಲ್ಲಿ ತೊಳೆಯುವಾಗ ಹಲ್ಲಿನ ಸೆಟ್ಟು ಕೈಜಾರಿ ಸಿಮೆಂಟಿನ ಮೇಲೆ ಬಿದ್ದು ಎರಡು ಹೋಳಾಯಿತು. ಬಾಯಿಗೆ ಕರ್ಚೀಫು ಒತ್ತಿಕೊಂಡು ಕ್ಲಿನಿಕ್ಕಿಗೆ ಓಡಿದವಳನ್ನು ಡಾಕ್ಟರು ಹಿಂದಿನ ಕೋಣೆಗೆ ಕಳಿಸಿದರು.

ಅಲ್ಲಿದ್ದವನು ಅವನೇ!

ಮೃತ್ಯುಂಜಯ ಹೋಳುಗಳನ್ನು ತೆಗೆದುಕೊಂಡ. ಆಮೇಲೆ ತನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತ.

“ಎರಡು ಗಂಟೆ ಆಯ್ತದೆ. ಕರ್ಚೀಫು ತೆಗ್ದು ಆರಾಮಾಗಿ ಉಸ್ರಾಡಿ. ನಾನು ತಿರುಗಲ್ಲ.”

ಎರಡು ಗಂಟೆ. ಅವನು ಒಮ್ಮೆಯೂ ತಿರುಗಲಿಲ್ಲ! ಆ ಬೆನ್ನನ್ನೇ ನೋಡುತ್ತ ಕೂತಿದ್ದ ಆಶಾಳಿಗೆ ಯಾಕೋ ಕಣ್ಣು ತುಂಬಿಬಂತು.

“ಊಟ ಹೆಂಗ್ ಮಾಡ್ತೀರಾ?” ಗೋಡೆ ನೋಡುತ್ತಲೇ ಅವನು ಕೇಳಿದ.

“ರೊಟ್ಟೀನ ಕಾಫೀಲಿ ನೆನೆಸಿ...”

“ಅಯ್ಯೋ! ಎರಡ್ ವರ್ಷದಿಂದ್ಲೂನಾ? ಚಿಕ್ಕದಾಗಿ ಮುರ್ಕೊಂಡು ಎರಡೂ ಕಡೆ ಒಟ್ಟಿಗೆ ಅಗೀರಿ ಟೀಚರೇ, ಸೆಟ್ಟು ಅಲ್ಲಾಡಲ್ಲ. ಬಿಸಿನೀರಿಗೆ ಮಾತ್ರ ಹಾಕ್ಬೇಡಿ, ಸೊಟ್ಟ ಆಗ್ತದೆ.”

ಮಾರನೆಯ ದಿನ ಅವಳು ಗರಿಗರಿ ಅಕ್ಕಿರೊಟ್ಟಿಯನ್ನು ಕಾಯಿಚಟ್ನಿಯಲ್ಲಿ ಅದ್ದಿ ತಿಂದಳು. ಎಷ್ಟು ದಿನವಾಗಿತ್ತು!

ಆಮೇಲೆ ಕೆಳಗಿನ ಹಲ್ಲು ಕ್ಲೀನ್ ಮಾಡಿಸಲು, ಸೆಟ್ಟು ಒತ್ತುತ್ತಿದೆ ಎಂದು ತೋರಿಸಲು... ನೆಪಗಳು ತಾವಾಗಿಯೇ ಹುಟ್ಟಿದವು. ಅವನ ಎದುರು ಮಾತ್ರ ಅವಳು ಕೈ ಅಡ್ಡ ಹಿಡಿಯದೆ ನಗುತ್ತಿದ್ದಳು. ಆದರೆ ಮನಸ್ಸಿನ ಮಾತನ್ನು ಇಬ್ಬರೂ ಆಡಲಿಲ್ಲ.

ಅಷ್ಟರಲ್ಲಿ ಮಾವ ತೋಟಪ್ಪ ಆಲೂರಿನಿಂದ ಸಂಬಂಧ ತಂದ. ಹುಡುಗನ ಕಡೆಯವರು ಬಂದು ನೋಡಿದರು, ಒಪ್ಪಿದರು.

“ಹಲ್ಲಿನ ವಿಚಾರ ಯಾರೂ ಬಾಯಿ ಬಿಡಂಗಿಲ್ಲ,” ಎಂದು ಮಾವ ಕಟ್ಟಪ್ಪಣೆ ಮಾಡಿದ.

ಆಶಾ ಕ್ಲಿನಿಕ್ಕಿಗೆ ಹೋಗಿ ಸುದ್ದಿ ಹೇಳಿದಾಗ ಮೃತ್ಯುಂಜಯನ ಕೈಯಲ್ಲಿದ್ದ, ಹಲ್ಲು ಕೂರಿಸುವ ಮೇಣದ ತುಂಡು ಕೆಳಗೆ ಬಿತ್ತು.

“ಒಳ್ಳೇದಾಗ್ಲಿ,” ಎಂದ. ಬಗ್ಗಿ ಅದನ್ನು ಎತ್ತಿಕೊಳ್ಳುತ್ತ, “ಆದ್ರೆ ಅವ್ರಿಗೆ ಹೇಳ್ಬುಡಿ ಆಶಾ ಅವ್ರೇ. ಮುಚ್ಚಿಟ್ಟು ಮದ್ವೆ ಆಗ್ಬೇಡಿ.”

‘ಬೇಡ ಅನ್ನಲೇ ಇಲ್ಲವಲ್ಲ ಇವನು...’ ಬಂದ ಅಳುವನ್ನು ನುಂಗಿಕೊಂಡು ಅವಳು ಎದ್ದುಬಂದಳು.

ಐದನೇ ದಿನ ಆಲೂರಿನಿಂದ ಮಾತು ಬಂತು. “ಹಲ್ಲಿಲ್ಲದ ಹುಡುಗಿ ನಮಗೆ ಬೇಡ.”

ಆಶಾಳ ಕಿವಿ ಗುಂಯ್‌ಗುಟ್ಟಿತು. ಹೇಳಿದವರು ಯಾರು? ಹೇಳಿಬಿಡಿ ಎಂದವನು ಒಬ್ಬನೇ ಅಲ್ಲವೇ!

ಅವಳು ನೇರ ಕ್ಲಿನಿಕ್ಕಿಗೆ ನುಗ್ಗಿದಳು. ಬೆಂಚಿನ ತುಂಬ ಜನ.

“ನಂಬಿದ್ದಕ್ಕೆ ಇದೇನಾ ನೀವು ಮಾಡಿದ್ದು? ನಾನು ಹಲ್ಲು ಕಟ್ಟಿಸ್ಕೊಂಡೋಳು ಅಂತ ಆಲೂರಿಗೆ ಹೋಗಿ ಹೇಳಿ ಬಂದ್ರಾ?”

ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ! ಎರಡು ವರ್ಷ ಕಾಪಾಡಿದ ಗುಟ್ಟನ್ನು ತಾನೇ ಊರಿಗೆಲ್ಲ ಸಾರಿದ್ದು ಅವಳಿಗೆ ಆಗ ಹೊಳೆಯಿತು.

ಮೃತ್ಯುಂಜಯನ ಮುಖ ಬಿಳುಚಿಕೊಂಡಿತ್ತು. “ನಾನು ಹೇಳ್ಲಿಲ್ಲ, ಆಶಾ,” ಎಂದನಷ್ಟೇ.

ಅವಳು ನಂಬಲಿಲ್ಲ. ಡಾಕ್ಟರೂ ನಂಬಲಿಲ್ಲ. “ಪೇಷಂಟಿನ ಗುಟ್ಟು ಉಳಿಸಿಕೊಳ್ಳಲಾರದವನು ನನ್ನಲ್ಲಿ ಬೇಡ,” ಎಂದರು. ಅವನು ತನ್ನ ಸಾಮಾನು ಚೀಲಕ್ಕೆ ಹಾಕಿಕೊಂಡು, ಯಾರನ್ನೂ ದೂರದೆ ಹೊರಟುಹೋದ.

ಮನೆಗೆ ಬಂದು ಆಶಾ ಎಲ್ಲವನ್ನೂ ಅಳುತ್ತ ಹೇಳಿದಳು. ಕೇಳುತ್ತ ಕೇಳುತ್ತ ತಾಯಮ್ಮನ ಕೈಯಿಂದ ಮೊರ ಜಾರಿತು.

“ಎಂಥ ಕೆಲ್ಸ ಮಾಡ್ಬುಟ್ಟೆ ಮಗಳೇ! ಆ ಹುಡ್ಗ ಅಲ್ಲ ಕಣೇ... ಹೇಳ್ದೋಳು ನಾನು!”

“ಅವ್ವಾ!”

“ಹೂಂ ಕಣೇ. ಬಸ್ಸತ್ತಿ ಆಲೂರಿಗೋಗಿ ಹುಡ್ಗನ ತಾಯಿ ಇಂದ್ರಮ್ಮನ್ ಮುಂದೆ ನಾನೇ ಹೇಳ್ದೆ. ಮನಸ್ ದೊಡ್ಡದಿದ್ರೆ ಒಪ್ಕತಾರೆ, ಇಲ್ದಿದ್ರೆ ಈಗ್ಲೇ ಗೊತ್ತಾಗ್ಲಿ ಅಂತ. ಸುಳ್ಳೇಳಿ ಕೊಟ್ರೆ ನೀನು ಗಂಡನ್ ಮುಂದೂ ಬಾಯ್ಗೆ ಸೆರಗು ಮುಚ್ಕೊಂಡೇ ಬಾಳ್ಬೇಕಾಗಿತ್ತು. ಅದ ನಾನು ನೋಡ್ಕೊಂಡಿರ್ಲಾ?”

ಆಶಾ ಕುಸಿದು ಕುಳಿತಳು. ಹೆತ್ತ ತಾಯಿ! ತಾನು ಅನ್ನ ಕಿತ್ತುಕೊಂಡಿದ್ದು ಮಾತ್ರ ಒಂದು ತಪ್ಪೂ ಮಾಡದವನದ್ದು...

ಬೆಳಗಾಗುತ್ತಲೇ ಅವಳು ಮತ್ತೆ ಕ್ಲಿನಿಕ್ಕಿಗೆ ಹೋದಳು. ಬೆಂಚಿನಲ್ಲಿ ಹತ್ತು ಜನ ಕೂತಿರುವಾಗಲೇ ಕೈಮುಗಿದು ನಿಂತಳು.

“ಡಾಕ್ಟ್ರೇ, ನಿನ್ನೆ ನಾನು ಹೇಳಿದ್ದು ಸುಳ್ಳು. ಮೃತ್ಯುಂಜಯ ಅವ್ರು ಯಾರಿಗೂ ಏನೂ ಹೇಳಿಲ್ಲ. ಹೇಳಿದ್ದು ನಮ್ಮವ್ವ. ಎಲ್ರ ಮುಂದೆ ಅವಮಾನ ಮಾಡಿದೆ, ಎಲ್ರ ಮುಂದೇನೇ ಒಪ್ಕೋತಿದೀನಿ.”

ಡಾಕ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ನಾನೂ ವಿಚಾರಿಸದೆ ದುಡುಕಿದೆನಮ್ಮ. ಆಲೂರಲ್ಲಿ ಅವನ ಅಕ್ಕನ ಮನೆಯಿದೆ. ವಾಪಸ್ ಬರಬೇಕಂತೆ ಅಂತ ಹೇಳು.”

ಆಲೂರಿನ ಆ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಪ್ಲಾಸ್ಟರಿನ ಅಚ್ಚೊಂದನ್ನು ಹಿಡಿದು ಅವನು ಉಜ್ಜುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಎದ್ದು ನಿಂತ.

“ನಂದು ತಪ್ಪಾಯ್ತು... ಹೇಳಿದ್ದು ಅವ್ವ. ಡಾಕ್ಟ್ರೂ ವಾಪಸ್ ಬನ್ನಿ ಅಂತಿದಾರೆ,” ಎಂದಳು. “ಬೈದುಬಿಡಿ ನನ್ನ! ಸುಮ್ನೆ ನಿಂತ್ಕೋಬೇಡಿ!”

“ಬೈಯೋಕೆ ಏನೈತೆ? ಆದ್ರೆ ನೋವಾಯ್ತು ಆಶಾ. ಊರೋರು ಅಂದಿದ್ರೆ ಆಗ್ತಿರ್ಲಿಲ್ಲ, ನೀವಂದ್ರಿ. ಅವತ್ತು ಮದ್ವೆ ಸುದ್ದಿ ಹೇಳ್ದಾಗ ಬೇಡ ಅನ್ಬೇಕು ಅಂತ ಬಾಯಿಗ್ ಬಂದಿತ್ತು. ಹಲ್ಲು ಕಟ್ಟೋನಿಗೆ ಟೀಚರ್ ಯಾಕೆ ಸಿಗ್ತಾರೆ ಅಂತ ನುಂಗ್ಕೊಂಡೆ.”

ಆಶಾ ದಂಗಾದಳು. ಇವನೂ... ಇಷ್ಟು ದಿನ!

ಅವಳು ಅವನಿಗೆ ಎದುರಾಗಿಯೇ ನಿಂತು ಬಾಯಿಗೆ ಬೆರಳು ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು, ಅವನ ಅಂಗೈಯಲ್ಲಿಟ್ಟಳು. ಮೇಲ್ದುಟಿ ಒಳಕ್ಕೆ ಕುಸಿಯಿತು. ಇಪ್ಪತ್ತೇಳರ ಮುಖಕ್ಕೆ ಒಮ್ಮೆಲೇ ಅರವತ್ತರ ಬಾಯಿ ಬಂತು. ಹೆತ್ತ ತಾಯಿ, ಡಾಕ್ಟರ ಹೊರತು ಯಾರಿಗೂ ಅವಳು ಆ ಮುಖ ತೋರಿಸಿರಲಿಲ್ಲ.

“ನೋಡಿ. ಇದೇ ನಾನು,” ಎಂದಳು. ಅಕ್ಷರಗಳು ಅತ್ತಿತ್ತ ಜಾರಿದವು.

ಮೃತ್ಯುಂಜಯ ಮರವಟ್ಟು ನಿಂತ. ನೋಡನೋಡುತ್ತ ಅವನ ಕಣ್ಣಲ್ಲಿ ನೀರು ತುಂಬಿತು.

“ಹುಚ್ಚಿ... ನಾನು ಮೊದ್ಲು ನೋಡಿದ್ದೇ ಈ ಬಾಯಿನ ಅಚ್ಚು ಕಣ್ರೀ. ಹೆಸ್ರು ಗೊತ್ತಿರ್ಲಿಲ್ಲ, ಮುಖ ಗೊತ್ತಿರ್ಲಿಲ್ಲ. ಇಷ್ಟ್ ಚಿಕ್ಕ ವಯಸ್ಸಿನೋರು ಯಾರಪ್ಪಾ, ಇವ್ರು ಮತ್ತೆ ನಗ್ಬೇಕು ಅಂದ್ಕೊಂಡೇ ಒಂದೊಂದು ಹಲ್ಲೂ ಕೂರ್ಸಿದ್ದೆ.”

ಅವನು ಸೆಟ್ಟನ್ನು ತಣ್ಣೀರಿನಲ್ಲಿ ಜೋಪಾನವಾಗಿ ತೊಳೆದ. ಅವಳು ಕೈ ಚಾಚಿದಳು. ಅವನು ತಕ್ಷಣ ಕೊಡಲಿಲ್ಲ.

“ನನ್ನ ಮದ್ವೆ ಆಗ್ತೀರಾ ಆಶಾ?”

“ಮೊದ್ಲು ಹಲ್ಲು ಕೊಡಿ,” ಎಂದಳು ನಾಚಿ. “ಹೆಂಗ್ ಉತ್ರ ಹೇಳ್ಲಿ?”

“ಹಂಗೇ ಹೇಳಿ. ನಂಗೆ ಅರ್ಥ ಆಗ್ತದೆ.”

ಅವಳು ಕೈ ಅಡ್ಡ ಹಿಡಿಯಲಿಲ್ಲ, ಸೆರಗನ್ನೂ ಎಳೆದುಕೊಳ್ಳಲಿಲ್ಲ.

“ಹೂಂ,” ಎಂದಳು.